ಮೈಕಿನಲ್ಲಿ ನಾನು ಹೇಳದ ಹೆಸರು

ಆ ದಿನ ಮೈಕಿನಲ್ಲಿ ನಾನು ಜೈತುನ್‌ಬಿಯವರ ಹೆಸರು ಹೇಳಲಿಲ್ಲ. ಹೇಳಿದೆನೆಂದು ಅವರು ಒಂಬತ್ತು ವರ್ಷ ನಂಬಿದ್ದರು. ನಂಬಿಕೊಂಡಿರಲಿ ಎಂದು ನಾನು ಸುಮ್ಮನಿದ್ದೆ. ನನ್ನ ತಪ್ಪು ಇಷ್ಟೇ ಎಂದು ಹೇಳಿ ಮುಗಿಸಬಹುದಿತ್ತು — ಆದರೆ ಇಷ್ಟೇ ಅಲ್ಲ. ಇದರ ಹಿಂದೆ ಒಂದಿದೆ, ಇದರ ಮುಂದೆ ಇನ್ನೊಂದಿದೆ. ಮೂರನ್ನೂ ಬರೆಯುತ್ತೇನೆ.

ನಾನು ಅನಸೂಯಾ. ತೆಂಗಳಿಯವಳು. ಶಹಾಬಾದಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನಮ್ಮ ಸಂಸ್ಥೆಗೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ — ಹೀಗೆ ಐದು ಊರಿನಲ್ಲಿ ಐದು ಸಣ್ಣ ಕಾಲೇಜುಗಳಿವೆ. ಜೈತುನ್‌ಬಿ ನಮ್ಮ ಕಂಪ್ಯೂಟರ್ ಲ್ಯಾಬಿನ ಅಟೆಂಡರ್. ದಿನಾ ಬೆಳಿಗ್ಗೆ ವಾಡಿಯಿಂದ ರೈಲಿಗೆ ಬಂದು ಕೀಲಿ ತೆಗೆಯುವುದು, ನೆಲದ ಫರ್ಸಿಕಲ್ಲು ಒರೆಸುವುದು, ಮಷೀನುಗಳ ಮೇಲಿನ ಬಟ್ಟೆ ತೆಗೆದು ಕೊಡವುವುದು, ಸಂಜೆ ಮತ್ತೆ ಹೊದಿಸುವುದು ಅವರ ಕೆಲಸ. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆ. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಉರ್ದು ಶಾಲೆಯಲ್ಲಿ ಹತ್ತನೆಯ ತರಗತಿ ಪಾಸಾಗಿದ್ದರು. ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಓದು ಸ್ವಲ್ಪ ತಡವರಿಕೆ. ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ನಾನಿನ್ನೂ ತಾತ್ಕಾಲಿಕ ಉಪನ್ಯಾಸಕಿ. ವರ್ಷ ವರ್ಷ ಜೂನ್ ಬಂತೆಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ. ಆಗ ಸಂಸ್ಥೆಯವರು ಒಂದು ಹೊಸ ಕೆಲಸ ತಂದಿಟ್ಟರು. ಐದೂ ಕಾಲೇಜಿನ ಹಾಜರಿ, ಅಂಕ, ಫಲಿತಾಂಶ ಎಲ್ಲ ಒಂದೇ ಕಡೆ, ಒಂದೇ ವೆಬ್‌ಸೈಟಿನಲ್ಲಿ. ಜಾವಾದಲ್ಲಿ ಬರೆದ ತಂತ್ರಾಂಶ ಹೊರಗಿನಿಂದ ಬಂತು. ಅದನ್ನು ನಮ್ಮ ಮಷೀನುಗಳಲ್ಲಿ ಕೂರಿಸಿ ನಡೆಸುವ ಹೊಣೆ ನನ್ನದು.

ಕೂರಿಸುವ ಕ್ರಮ ಹೀಗೆ. ಹೊರಗಿನಿಂದ ಬಂದವರನ್ನು ಮೊದಲು ಮಾತಾಡಿಸುವುದು ವೆಬ್ ಸರ್ವರ್ — ಕಚೇರಿಯ ಬಾಗಿಲಲ್ಲಿ ಕೂತ ಗುಮಾಸ್ತನ ಹಾಗೆ. ನಿಜವಾದ ಕೆಲಸ ನಡೆಯುವುದು ಒಳಗೆ, ಜಾವಾ ಅಪ್ಲಿಕೇಶನ್ ಸರ್ವರಿನಲ್ಲಿ. ಐದು ಊರಿನವರು ಒಮ್ಮೆಲೇ ನುಗ್ಗಿದರೆ ಒಂದಕ್ಕೆ ಭಾರವಾಗುತ್ತದೆಂದು ಒಳಗೆ ಎರಡು ಇಟ್ಟೆವು. ಎಲ್ಲ ಕಡೆಯ ರೈಲೂ ಕೂಡುವ ಜಂಕ್ಷನ್ ಎಂದು ನಾನೇ ಅವಕ್ಕೆ ವಾಡಿಯ ಹೆಸರಿಟ್ಟೆ. ಇಂಗ್ಲಿಷಿನಲ್ಲಿ ವಾಡಿ, ಅದರ ಬೆನ್ನಿಗೆ ಒಂದು. ವಾಡಿ, ಅದರ ಬೆನ್ನಿಗೆ ಎರಡು. ಯಾರು ವಾಡಿ ಒಂದರಲ್ಲಿ ತಮ್ಮ ಗುರುತು ಹೇಳಿ ಒಳಗೆ ಹೋದರೋ ಅವರನ್ನು ಬಾಗಿಲಿನವನು ಮುಂದಿನ ಸಲವೂ ಅಲ್ಲಿಗೇ ಕಳಿಸಬೇಕು. ಎರಡರ ಹತ್ತಿರ ಕಳಿಸಿದರೆ ಅದು ‘ನೀವ್ಯಾರು?’ ಎನ್ನುತ್ತದೆ. ಅದಕ್ಕೇ ಆ ಹೆಸರನ್ನು ಎರಡು ಕಡೆ ಬರೆಯುತ್ತಾರೆ — ವೆಬ್ ಸರ್ವರಿನ ಫೈಲಿನಲ್ಲಿ ಒಮ್ಮೆ, ಜಾವಾ ಸರ್ವರಿನ ಸ್ವಂತ ಫೈಲಿನಲ್ಲಿ ಒಮ್ಮೆ. ಎರಡೂ ಅಕ್ಷರಕ್ಕಕ್ಷರ ಒಂದೇ ಇರಬೇಕು.

ಆ ಜಾವಾ ಸರ್ವರಿಗೆ ಟಾಮ್‌ಕ್ಯಾಟ್ ಎಂದು ಹೆಸರು. ಇದೇನು ಹಾಕಲಿಕತ್ತೀರಿ ಎಂದು ಆಪಾ ಕೇಳಿದಾಗ ಗಂಡುಬೆಕ್ಕು ಎಂದು ಅರ್ಥ ಹೇಳಿ ನಕ್ಕಿದ್ದೆ. ಆಮೇಲೆ ಅವರು ದಿನಾ ಬೆಳಿಗ್ಗೆ ಒಳಗೆ ಬರುತ್ತಲೇ ಕೇಳುತ್ತಿದ್ದರು, “ಮೇಡಂ, ಬೆಕ್ಕು ಎರಡೂ ಆರಾಮ ಅವೇನ್ರಿ?”

ಆರಾಮ ಇರಲಿಲ್ಲ. ಅಂಕ ತುಂಬಲು ತೆರೆದ ಮೊದಲ ದಿನವೇ ಫೋನು ಶುರುವಾಯಿತು. ಚಿಂಚೋಳಿಯ ಪ್ರಾಂಶುಪಾಲರು ಹಿರಿಯರು, ಯಾರಿಗೂ ಜೋರು ಮಾಡುವವರಲ್ಲ. ಅವರೇ ಅಂದರು, “ಏನಮ್ಮಾ, ನಿಮ್ಮ ಮಷೀನು ನನಗ ಬರ್ರಿ ಬರ್ರಿ ಅಂತ ಒಳಗ ಕರಿತದ, ಕುಂದ್ರೋದ್ರಾಗ ಹೊರಗ ದಬ್ಬತದ. ನಾ ಏನ್ ತಪ್ಪು ಮಾಡೀನಿ?” ಸೇಡಂನಲ್ಲಿ ಒಬ್ಬ ಮೇಷ್ಟರು ಅರವತ್ತು ಮಕ್ಕಳ ಅಂಕ ತುಂಬಿ ಉಳಿಸುವ ಗುಂಡಿ ಒತ್ತಿದ್ದಾರೆ — ಮತ್ತೆ ಮೊದಲಿನ ಪುಟ, ಹೆಸರು ಹೇಳಿ, ಗುಪ್ತಪದ ಹೇಳಿ. ಅರವತ್ತೂ ಮಾಯ. ಚಿತ್ತಾಪುರದಲ್ಲಿ ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರಿಗೆ ಬೆಣ್ಣೆಯ ಹಾಗೆ ನಡೆಯುತ್ತಿತ್ತು, ಇನ್ನೊಬ್ಬರಿಗೆ ನಡೆಯುತ್ತಿರಲಿಲ್ಲ. ಎಲ್ಲರಿಗೂ ಕೆಟ್ಟಿದ್ದರೆ ಹುಡುಕುವುದು ಸುಲಭ. ಅರ್ಧ ಜನಕ್ಕೆ ಕೆಟ್ಟಿತ್ತು, ಅದೂ ಅರ್ಧ ಹೊತ್ತು.

ವಿಶ್ವವಿದ್ಯಾಲಯಕ್ಕೆ ಅಂಕ ಕಳಿಸಲು ಉಳಿದದ್ದು ಮೂರು ದಿನ. ಸಂಸ್ಥೆಯ ಅಧ್ಯಕ್ಷರು ಕರೆದು, “ನಾಡಿದ್ದು ಸಂಜೀತನಕ ನೋಡ್ತೀನಿ. ಆಗಲಿಲ್ಲಂದ್ರ ಕಾಗದಕ್ಕ ವಾಪಸ್ ಹೋಗೋಣ,” ಎಂದರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಅನ್ನಬೇಕಾಗಿರಲಿಲ್ಲ.

ಎರಡು ದಿನ ನಾನು ಮಾಡದ್ದೇನೂ ಉಳಿಯಲಿಲ್ಲ. ತಂತಿ ಬದಲಿಸಿದೆ, ಸರ್ವರ್ ನಿಲ್ಲಿಸಿ ಎಬ್ಬಿಸಿದೆ, ತಂತ್ರಾಂಶ ಬರೆದವರಿಗೆ ಫೋನಿನಲ್ಲಿ ಕೂಗಾಡಿದೆ. ಪರದೆಯ ಮೇಲೆ ಆ ಫೈಲುಗಳನ್ನು ಎಷ್ಟು ಸಲ ಓದಿದೆನೋ. ಕಡೆಗೆ ಮೂರನೆಯ ದಿನ ಮಧ್ಯಾಹ್ನ ಎರಡನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆದು, ಮೇಜಿನ ಮೇಲೆ ಪಕ್ಕಪಕ್ಕ ಹಾಸಿ, ಹೆಸರಿದ್ದ ಸಾಲುಗಳಿಗೆ ಕೆಂಪು ಗೆರೆ ಎಳೆದು ಕೂತೆ. ಹೊರಗೆ ಏಪ್ರಿಲ್ ಬಿಸಿಲು, ಶಹಾಬಾದಿನ ಬಿಸಿಲು — ಕಲ್ಲು ಹಾಸಿದ ಅಂಗಳ ಹೆಂಚಿನಂತೆ ಕಾದಿತ್ತು. ತಲೆಯನ್ನು ಮೇಜಿಗಿಟ್ಟೆ.

ಆಪಾ ಚಹಾ ತಂದಿಟ್ಟರು. ಹೋಗಲಿಲ್ಲ, ಅಲ್ಲೇ ನಿಂತು ಕಾಗದ ನೋಡಿದರು.

“ಮೇಡಂ, ಈ ಕೆಂಪು ಗೆರಿ ಹಾಕಿದ್ದು ಎರಡೂ ಒಂದೇ ಇರಬೇಕೇನ್ರಿ?”

“ಹೂಂ ಆಪಾ. ಒಂದೇ ಅವ.”

“ಒಂದೇ ಇಲ್ರಿ.”

ನಾನು ತಲೆ ಎತ್ತಲಿಲ್ಲ. ಇಂಗ್ಲಿಷ್ ಬಾರದವರು ಏನೋ ಹೇಳುತ್ತಿದ್ದಾರೆ, ಪಾಪ, ಸಮಾಧಾನಕ್ಕೆ — ಎಂದೇ ಅಂದುಕೊಂಡೆ. ಅದನ್ನೂ ಒಪ್ಪಿಕೊಳ್ಳಬೇಕು. ಆಪಾ ಬೆರಳನ್ನು ಹೆಸರಿನ ಬಲತುದಿಗೆ ಇಟ್ಟರು. ಉರ್ದು ಓದಿದ ಕಣ್ಣು. ಸಾಲು ಸಿಕ್ಕರೆ ಬಲಗಡೆಯಿಂದಲೇ ಹಿಡಿಯುತ್ತದೆ. ನನ್ನ ಕಣ್ಣು ಎಡಗಡೆಯಿಂದ ವಾಡಿ ಎಂದು ಓದುತ್ತಲೇ ಸಾಕೆಂದು ಮುಂದೆ ಜಾರುತ್ತಿತ್ತು. ಅವರಿಗೆ ಅದು ವಾಡಿ ಎಂಬುದೂ ಗೊತ್ತಿರಲಿಲ್ಲ. ಬರೀ ಗೀಟುಗಳು.

“ಇಲ್ನೋಡ್ರಿ. ಇದಕ್ಕ ಮೂಗು ಕೆಳಗ ಬಾಗ್ಯದ. ಇದರ ಮೂಗು ನೆಟ್ಟಗದ. ಕೌದಿ ಹೊಲಿಯೋವಾಗ ಹಿಂಗೇ ಆಗ್ತದ್ರಿ, ಒಂದು ಹೊಲಿಗಿ ಆ ಕಡಿ ತಿರಗಿದ್ರ ಇಡೀ ಸಾಲು ಗೊತ್ತಾಗ್ತದ.”

ಕಾಗದ ಕಸಿದುಕೊಂಡೆ. ಒಂದು ಕಡೆ ಒಂದು ಎಂಬ ಅಂಕಿ. ಇನ್ನೊಂದು ಕಡೆ — ಚಿಕ್ಕ ಎಲ್. ಇಂಗ್ಲಿಷಿನ ಎಲ್ ಅಕ್ಷರ. ವಾಡಿ ಒಂದು ಅಲ್ಲ, ವಾಡಿ ಎಲ್. ಬಾಗಿಲಿನವನು ಯಾರನ್ನು ಹುಡುಕುತ್ತಿದ್ದನೋ ಆ ಹೆಸರಿನವರು ಒಳಗೆ ಇರಲೇ ಇಲ್ಲ.

ಇಲ್ಲಿ ಮೊದಲನೆಯ ತಪ್ಪು ಹೇಳಬೇಕು. ಅದನ್ನು ಟೈಪ್ ಮಾಡಿದವಳು ನಾನು. ಪಿಯುಸಿ ಆದ ಮೇಲೆ ಚಿತ್ತಾಪುರದಲ್ಲಿ ಟೈಪಿಂಗ್ ಕಲಿತಿದ್ದೆ. ಅಲ್ಲಿನ ಹಳೆಯ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಯ ಕೀಲಿಯೇ ಇರಲಿಲ್ಲ. ಒಂದು ಬೇಕಾದರೆ ಚಿಕ್ಕ ಎಲ್ ಒತ್ತಿ ಎಂದು ಕಲಿಸಿದ್ದರು. ಅವಸರ ಬಿದ್ದರೆ ನನ್ನ ಬಲಗೈಯ ಬೆರಳು ಈಗಲೂ ಅಲ್ಲಿಗೇ ಹೋಗುತ್ತದೆ. ಕಾಗದ ನೋಡಿದ ಕ್ಷಣವೇ ನನಗೆ ಗೊತ್ತಾಯಿತು — ಇದು ಯಂತ್ರದ ದೋಷವಲ್ಲ, ತಂತ್ರಾಂಶ ಬರೆದವರ ದೋಷವಲ್ಲ, ನನ್ನ ಬೆರಳು. ಎರಡು ದಿನ ಯಾರ್ಯಾರ ಮೇಲೋ ಕೂಗಾಡಿದ್ದೆ...

ಆದರೆ ಆ ಗಳಿಗೆಯಲ್ಲಿ ಅದೆಲ್ಲ ಎಲ್ಲಿ ನೆನಪು! ಅಕ್ಷರ ತಿದ್ದಿ, ಸರ್ವರ್ ನಿಲ್ಲಿಸಿ ಎಬ್ಬಿಸಿ, ಒಳಗೆ ಹೋದೆ. ಒಂದು ಪುಟ, ಎರಡು, ಹತ್ತು. ಹೊರಗೆ ದಬ್ಬಲಿಲ್ಲ. ಆಪಾರನ್ನು ಇನ್ನೊಂದು ಮಷೀನಿನ ಮುಂದೆ ಕೂರಿಸಿ, ಸುಮ್ಮನೆ ಒತ್ತುತ್ತಾ ಹೋಗಿ ಎಂದೆ. ಅವರು ಒಂದೊಂದು ಸಲ ಒತ್ತಿದಾಗಲೂ “ಅದ! ಅದ! ಇನ್ನೂ ಒಳಗೇ ಅದ!” ಎಂದು ಕೂಗಿದರು. ನಾನು ಅವರ ಎರಡೂ ಕೈ ಹಿಡಿದು ಎಬ್ಬಿಸಿದೆ. ಲ್ಯಾಬಿನ ನಡುವೆ, ಆಗಷ್ಟೇ ಒರೆಸಿದ ಫರ್ಸಿಯ ಮೇಲೆ, ಇಬ್ಬರೂ ಫುಗಡಿ ಆಡಿದೆವು — ನಲವತ್ತೊಂಬತ್ತರ ಅವರು, ಮೂವತ್ತೈದರ ನಾನು, ಚಪ್ಪಲಿ ಬಿಟ್ಟು, ಸೆರಗು ಬಿಗಿದು, ಗಿರಗಿರ ತಿರುಗಿ. ಆಮೇಲೆ ಚಿಂಚೋಳಿಗೆ ಫೋನು ಮಾಡಿದೆ. ಹಿರಿಯರು ಎರಡು ನಿಮಿಷ ಒತ್ತಿ ನೋಡಿ, “ಕುಂತೀನಮ್ಮಾ! ಯಾರೂ ಎಬ್ಬಸವಲ್ರು!” ಎಂದು ನಕ್ಕರು. ಸೇಡಂ, ವಾಡಿ, ಚಿತ್ತಾಪುರ — ಎಲ್ಲ ಕಡೆಯಿಂದ ಅದೇ ನಗು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಮಧ್ಯಾಹ್ನ ಹೆಚ್ಚಿಲ್ಲ. ಅದನ್ನು ಸುಳ್ಳು ಮಾಡಿದವಳು ನಾನೇ.

ಸಂಜೆ ಅಧ್ಯಕ್ಷರು ಕೇಳಿದರು, “ಏನಾಗಿತ್ತು?”

“ತಂತ್ರಾಂಶದಾಗ ಒಂದು ಸೂಕ್ಷ್ಮ ದೋಷ ಇತ್ತು ಸರ್.”

“ನೀವೊಬ್ಬರೇ ಹಿಡಿದ್ರಿ?”

ಆಪಾ ಆಗ ಕೀಲಿ ಗೊಂಚಲು ಹಿಡಿದು ಹೊರಗೆ ನಿಂತಿದ್ದರು, ಬಾಗಿಲು ಮುಚ್ಚಿತ್ತು. “ಹೌದು ಸರ್,” ಎಂದೆ. ಯೋಚಿಸಿ ಹೇಳಿದ್ದಲ್ಲ ಎಂದು ಬರೆಯಬೇಕೆನಿಸುತ್ತದೆ. ಯೋಚಿಸಿಯೇ ಹೇಳಿದ್ದು. ಅಟೆಂಡರ್ ಹಿಡಿದರು ಎಂದರೆ ಹೇಗೆ ಹಿಡಿದರು ಎಂದು ಕೇಳುತ್ತಿದ್ದರು. ಹೇಗೆ ಎಂದರೆ ಅಕ್ಷರ ತಪ್ಪಿತ್ತು ಎನ್ನಬೇಕಿತ್ತು. ಅಕ್ಷರ ಯಾರು ಬರೆದದ್ದು ಎಂದರೆ...

ಹದಿನೈದು ದಿನ ಬಿಟ್ಟು ಸಂಸ್ಥೆಯ ವಾರ್ಷಿಕ ಸಭೆ. ಐದೂ ಊರಿನವರು ಬಂದಿದ್ದರು. ನನಗೆ ಶಾಲು, ಹಾರ, ಒಂದು ಫಲಕ. ನಾಲ್ಕು ಮಾತಾಡಿ ಎಂದರು. ಹೊರಗಿನ ಅತಿಥಿಗಳಿದ್ದರೆಂದು ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತು. ದೋಷ ಸಿಕ್ಕಿದ್ದು ಸರಿಯಾದ ಹೊತ್ತಿಗೆ ಎಂಬುದಕ್ಕೆ ‘ಜಸ್ಟ್ ಇನ್ ಟೈಮ್’ ಎಂದೆ. ಚಪ್ಪಾಳೆ ಬಿತ್ತು. ಖುಷಿಯಾಗಿ ಇನ್ನೊಮ್ಮೆ ಅಂದೆ, ‘ಜಸ್ಟ್ ಇನ್ ಟೈಮ್.’

ಇಳಿದು ಬಂದಾಗ ಆಪಾ ನೀರಿನ ಗ್ಲಾಸುಗಳ ತಟ್ಟೆ ಹಿಡಿದು ನಿಂತಿದ್ದರು. ಕಣ್ಣು ತುಂಬಿತ್ತು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನನ್ನ ಕೈ ಹಿಡಿದರು.

“ಮೇಡಂ, ಇಷ್ಟ್ ದೊಡ್ಡ ಮಂದಿ ಮುಂದ ಮೈಕಿನ್ಯಾಗ ನನ್ನ ಹೆಸರು ತಗೊಂಡ್ರಿ. ಅದೂ ಎರಡು ಸಲ. ಜೈತುನ್, ಜೈತುನ್ ಅಂತ.”

ಮೊದಲು ತಿಳಿಯಲಿಲ್ಲ. ಆ ಸಭಾಂಗಣದ ಮೈಕು ಗರಗರ ಎನ್ನುತ್ತಿತ್ತು. ಗೋಡೆಗೆ ಬಡಿದ ಮಾತು ಹಿಂದಿನವರಿಗೆ ಅರ್ಧವೇ ಸಿಗುತ್ತಿತ್ತು. ಜಸ್ಟ್ ಇನ್ ಟೈ... ಜೈತುನ್. ಆಮೇಲೆ ತಿಳಿಯಿತು. ತಿಳಿದ ಮೇಲೂ ಹತ್ತು ಸೆಕೆಂಡು ಸಮಯವಿತ್ತು ನನಗೆ, ಇಲ್ಲ ಆಪಾ ಎನ್ನಲು. ನಾನು ಅವರ ಕೈ ಒತ್ತಿ ಮುಗುಳ್ನಕ್ಕೆ. ಇದು ಎರಡನೆಯದು.

ಆ ನಗೆಯ ಮೇಲೆ ಆಪಾ ಒಂಬತ್ತು ವರ್ಷ ಸುಖವಾಗಿದ್ದರು. ವಾಡಿಯ ಅವರ ಓಣಿಗೆಲ್ಲ ಸುದ್ದಿ ಹೇಳಿದರು. ಭಂಕೂರದಲ್ಲಿ ಫರ್ಸಿ ಪಾಲಿಶ್ ಮಾಡುವ ತಮ್ಮನಿಗೆ ಹೇಳಿದರು. ಮಗನ ನಿಕಾಹಕ್ಕೆ ನಾನು ಹೋದಾಗ ಬೀಗರ ಮುಂದೆ ನನ್ನನ್ನು ಕೂರಿಸಿ, “ಇವರೇ ನೋಡ್ರಿ, ಇಂಗ್ಲಿಷ್‌ನಾಗ ನನ್ನ ಹೆಸರು ತಗೊಂಡ ಮೇಡಂ,” ಎಂದರು. ಬೀಗರು ಎದ್ದು ಸಲಾಂ ಮಾಡಿದರು. ನಾನು ಸಿಹಿ ಮಾಲ್ಪುರಿ ತಿಂದೆ.

ಮೂರನೆಯದು ಇವೆರಡಕ್ಕಿಂತ ದೊಡ್ಡದು. ಫಲಕ ಕೊಟ್ಟ ಮರುವರ್ಷ ನನ್ನ ಕೆಲಸ ಕಾಯಂ ಆಯಿತು. ಅದೇ ವರ್ಷ ಲ್ಯಾಬಿಗೆ ಒಬ್ಬ ಸಹಾಯಕರು ಬೇಕೆಂದು ಹೊಸ ಹುದ್ದೆ ಮಾಡಿದರು. ಹತ್ತನೆಯ ತರಗತಿ ಪಾಸಾದ ನಮ್ಮವರೇ ಯಾರಾದರೂ ಇದ್ದರೆ ಬಡ್ತಿ ಕೊಡೋಣ, ಕಣ್ಣು ಚುರುಕಿದ್ದವರು ಬೇಕು, ನಿಮ್ಮ ಗಮನಕ್ಕೆ ಯಾರಾದರೂ ಬಂದಿದ್ದಾರಾ ಎಂದು ಅಧ್ಯಕ್ಷರು ನನ್ನನ್ನೇ ಕೇಳಿದರು. ನನ್ನ ಎದುರಿಗೆ ಕಿಟಕಿಯಾಚೆ ಆಪಾ ಮೊಣಕಾಲೂರಿ ವರಾಂಡ ಒರೆಸುತ್ತಿದ್ದರು. “ಯಾರೂ ಇಲ್ಲ ಸರ್,” ಎಂದೆ. ಅವರು ಆ ಹುದ್ದೆಗೆ ಬಂದರೆ, ಯಾಕೆ ಬಂದರು ಎಂಬ ಮಾತು ಏಳುತ್ತಿತ್ತು. ಹೊರಗಿನಿಂದ ಒಬ್ಬರನ್ನು ತೆಗೆದುಕೊಂಡರು. ಆಪಾ ಅವರಿಗೂ ಚಹಾ ತಂದುಕೊಟ್ಟರು.

ಈ ವರ್ಷದ ಮಾರ್ಚು ಆಪಾ ನಿವೃತ್ತರಾಗುವ ತಿಂಗಳು. ಒಂದು ಮಧ್ಯಾಹ್ನ ಹೊಸ ಫೋನು ಹಿಡಿದು ನನ್ನ ಹತ್ತಿರ ಬಂದರು. ಸಂಕೋಚ ಅವರಿಗೆ, ಏನನ್ನೂ ಕೇಳಿದವರಲ್ಲ.

“ಮೇಡಂ, ಆ ಫಂಕ್ಷನ್ದು ವಿಡಿಯೋ ಆಫೀಸಿನ್ಯಾಗ ಇರ್ತದಲ್ರಿ. ನನ್ನ ಹೆಸರು ಬರೋದು ಅಷ್ಟೇ ಕತ್ತರಿಸಿ ಇದರಾಗ ಹಾಕಿ ಕೊಡ್ರಿ. ಮನಿಯವರೆಲ್ಲಾ ಕೇಳಬೇಕಂತಾರ. ಇನ್ ಮ್ಯಾಲ ಲ್ಯಾಬಿಗಿ ಬರಂಗಿಲ್ಲಲ್ರಿ, ಅದೊಂದಿದ್ರ ಸಾಕು ನನಗ.”

ಹಾಕಿ ಕೊಡ್ತೀನಿ ಆಪಾ ಎಂದೆ. ವಿಡಿಯೋ ಹುಡುಕಿದೆ, ಸಿಕ್ಕಿತು. ಬಾಗಿಲು ಹಾಕಿಕೊಂಡು ಏಳು ಸಲ ನೋಡಿದೆ. ಶಾಲು ಹೊದ್ದ ನಾನು, ನನ್ನ ಇಂಗ್ಲಿಷು, ನನ್ನ ನಗೆ. ನಾನಾಗಿಯೇ ಒಪ್ಪಿಕೊಂಡೆ ಎಂದು ಯಾರೂ ತಿಳಿಯಬಾರದು. ಅವರು ಕೇಳದೆ ಹೋಗಿದ್ದರೆ ನಾನು ಇಂದಿಗೂ ಸುಮ್ಮನೇ ಇರುತ್ತಿದ್ದೆ.

ಭಾನುವಾರ ಬೆಳಿಗ್ಗೆ ವಾಡಿಗೆ ಹೋದೆ. ಸೊಸೆ ಖಿಚಡಿ, ಹುಣಸೆಯ ಖಟ್ಟಾ ಮಾಡಿದ್ದಳು. ಆಪಾ ಊಟಕ್ಕೆ ದಸ್ತರಖಾನ್ ಬಟ್ಟೆ ಹಾಸುತ್ತಾ, “ಮೊದಲ ಉಣ್ರಿ,” ಎಂದರು.

“ಮೊದಲ ಹೇಳ್ತೀನಿ ಆಪಾ. ವಿಡಿಯೋ ಸಿಕ್ಕದ. ಅದರಾಗ ನಿಮ್ಮ ಹೆಸರು ಇಲ್ಲ.”

“ಕಟ್ ಆಗ್ಯದೇನ್ರಿ?”

“ಕಟ್ ಆಗಿಲ್ಲ. ನಾ ಹೇಳೇ ಇಲ್ಲ.”

“ಎರಡು ಸಲ ಕೇಳೀನಲ್ರಿ ನಾ! ಈ ಕಿವಿಲೆ!”

ಫೋನಿನಲ್ಲಿ ಹಾಕಿ ಕೇಳಿಸಿದೆ. ಆ ಮಾತು ಬರುತ್ತಲೇ ಆಪಾ ಬೆರಳೆತ್ತಿದರು, “ಇದೇ! ಜೈತುನ್ ಅಂದ್ರಿ ನೋಡ್ರಿ!” ನಾನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ — ಜಸ್ಟ್. ಇನ್. ಟೈಮ್. ಸರಿಯಾದ ಹೊತ್ತಿಗೆ ಎಂದು ಅರ್ಥ. ಆಪಾ ನನ್ನನ್ನೇ ನೋಡಿದರು. ಮತ್ತೊಮ್ಮೆ ಹಾಕಿರಿ ಎಂದರು. ಹಾಕಿದೆ. ಆಗ ಅವರ ಹೊಟ್ಟೆಯೊಳಗಿಂದ ನಗೆ ಎದ್ದಿತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. “ಯಾ ಅಲ್ಲಾ, ಟೈಮಿಗಿ ನಾ ಜೈತುನ್ ಮಾಡೀನಲ್ಲೋ!” ಒಳಗಿನಿಂದ ಸೊಸೆಯೂ ನಕ್ಕಳು. ನನಗೂ ಬಂತು, ಅಳುವಿನ ಜೊತೆಗೇ. ಅಲ್ಲಿಗೆ ಬಿಟ್ಟು ಉಣ್ಣಬಹುದಿತ್ತು. ಅಷ್ಟರಲ್ಲೇ ಮುಗಿಸಿಬಿಡು ಎಂದು ಒಳಗೊಂದು ದನಿ ಹೇಳಿತು ಕೂಡ.

ಉಳಿದ ಎರಡನ್ನೂ ಹೇಳಿದೆ. ಎಲ್ ಅಕ್ಷರ ನನ್ನದೆಂದು. ಹುದ್ದೆಯ ಮಾತು ಬಂದಾಗ ಯಾರೂ ಇಲ್ಲ ಎಂದೆನೆಂದು. ಆಪಾರ ಮುಖದ ನಗೆ ಒಂದೊಂದೇ ಕಡೆಯಿಂದ ಇಳಿಯಿತು.

“ಹೆಸರು ಹೇಳ್ಲಿಲ್ಲ, ಹೋಗ್ಲಿ,” ಎಂದರು. “ಆದ್ರ ಭಂಕೂರಿಗಿ ಹೋಗಿ, ಬೀಗರ ಮನಿಗಿ ಹೋಗಿ ಎಲ್ಲಾರಿಗೂ ಹೇಳೀನಲ್ರಿ ನಾ. ನನ್ನ ಬಾಯಿಲೆ ಸುಳ್ಳ ಹೇಳಸಿದ್ರಿ ನೀವು.” ಆಮೇಲೆ ತಮ್ಮ ಮೊಣಕಾಲುಗಳನ್ನು ನೋಡಿಕೊಂಡರು. “ಆ ನೌಕರಿ ಕುಂತು ಮಾಡೋದಿತ್ತಲ್ರಿ, ಮೇಡಂ.”

ಎದುರಿನ ಖಾಲಿ ತಟ್ಟೆಯನ್ನು ನಾನು ಅತ್ತ ಸರಿಸಿದೆ.

ಅವರೇ ತಟ್ಟೆ ಎಳೆದು ಖಿಚಡಿ ಬಡಿಸಿದರು. ಖಟ್ಟಾ ಸುರಿದರು. “ಉಣ್ರಿ. ನಾ ಸಿಟ್ಟಿನಾಗೇ ನೀಡ್ಲಕತ್ತೀನಿ, ಗೊತ್ತಿರ್ಲಿ.” ನಾನು ಉಂಡೆ. ಎರಡನೆಯ ಸಲ ನೀಡುವಾಗ ಹೇಳಿದರು, “ನನ್ನ ರಿಟೈರ್‌ಮೆಂಟ್ ಫಂಕ್ಷನ್ ದಿನ ಹೇಳ್ರಿ ಇದೆಲ್ಲಾ. ಮೂರೂ. ಐದೂ ಊರಿನವರು ಇರಬೇಕು. ಇಂಗ್ಲಿಷ್ ಬ್ಯಾಡ.”

ಹೇಳಿದೆ. ಕನ್ನಡದಲ್ಲಿ, ಅದೇ ಸಭಾಂಗಣದಲ್ಲಿ, ಐದೂ ಕಾಲೇಜಿನವರ ಮುಂದೆ. ಚಿಂಚೋಳಿಯ ಹಿರಿಯರು ನಿವೃತ್ತರಾಗಿದ್ದರು; ನಾನೇ ಹೋಗಿ ಕರೆದು ಬಂದಿದ್ದೆ. ಮುಂದಿನ ಸಾಲಿನಲ್ಲಿ ಭಂಕೂರದ ತಮ್ಮ, ಬೀಗರು, ಸೊಸೆ. ಎಲ್ ಅಕ್ಷರದ ಕಥೆಯಿಂದ ಶುರು ಮಾಡಿದೆ. ಹುದ್ದೆಯ ವಿಷಯ ಹೇಳಿದಾಗ ಅಧ್ಯಕ್ಷರು ತಲೆ ತಗ್ಗಿಸಿ ಮೇಜಿನ ಬಟ್ಟೆ ಸರಿಮಾಡಿದರು. ಜೈತುನ್, ಜಸ್ಟ್ ಇನ್ ಟೈಮ್ ಎಂದಾಗ ಮಾತ್ರ ಮೊದಲು ನಕ್ಕವರು ಆಪಾ. ಅವರು ನಕ್ಕ ಮೇಲೆಯೇ ಉಳಿದವರಿಗೆ ಧೈರ್ಯ ಬಂತು. ಇಡೀ ಸಭೆಯೇ ನಕ್ಕಿತು.

ಆಮೇಲೆ ಮೈಕನ್ನು ಅವರಿಗೆ ಕೊಟ್ಟೆ. ಜೀವನದಲ್ಲೇ ಮೊದಲ ಸಲ ಹಿಡಿದದ್ದು. ಒಮ್ಮೆ ಊದಿ ನೋಡಿದರು.

“ನಾ ಜೈತುನ್‌ಬಿ ಮಾತಾಡ್ಲಕತ್ತೀನಿ. ಆ ಅಕ್ಷರ ಹಿಡದಿದ್ದು ನಾನೇ. ಮೇಡಂ ಭಾಳ ತಡಾ ಮಾಡಿ ಹೇಳಿದ್ರು. ಆದ್ರ ಹೇಳಿದ್ರು. ಈಗ ಎಲ್ಲಾರೂ ಊಟ ಮಾಡ್ಕೊಂಡು ಹೋಗ್ರಿ, ನನ್ನ ಸೊಸಿ ಶಾವಿಗಿ ಮಾಡ್ಯಾಳ.”

ಅಂಥ ಚಪ್ಪಾಳೆ ಆ ಸಭಾಂಗಣದಲ್ಲಿ ನಾನು ಕೇಳಿಲ್ಲ. ಚಿಂಚೋಳಿಯ ಹಿರಿಯರು ಎದ್ದು ನಿಂತು, “ನನಗ ಹೊರಗ ದಬ್ಬೋದು ಬಿಡಸಿದವರು ನೀವೇನಮ್ಮಾ!” ಎಂದು ಕೈಮುಗಿದರು. ಬೀಗರು ಎದ್ದು ಮತ್ತೆ ಸಲಾಂ ಮಾಡಿದರು — ನನಗಲ್ಲ, ಅವರಿಗೆ. ಆ ಸಂತೋಷದಲ್ಲಿ ನನ್ನ ಪಾಲು ಇರಬಾರದಿತ್ತು. ಆದರೂ ಶಾವಿಗೆ ಬಡಿಸುತ್ತಾ ಪಂಕ್ತಿಯಲ್ಲಿ ಓಡಾಡಿದ ನಾನು, ಆ ದಿನ ಲ್ಯಾಬಿನಲ್ಲಿ ತಿರುಗಿದಷ್ಟೇ ಹಗುರಾಗಿದ್ದೆ. ಸುಳ್ಳು ಹೇಳಲಾರೆ.

ಮರುದಿನ ಅಧ್ಯಕ್ಷರು ಎಲ್ಲವನ್ನೂ ಬರೆದು ಕೊಡಿ ಎಂದರು. ಕೊಟ್ಟೆ, ಫಲಕವನ್ನೂ ಕೊಟ್ಟೆ. ವಿಭಾಗದ ಮುಖ್ಯಸ್ಥಳ ಜಾಗದಿಂದ ನನ್ನನ್ನು ಇಳಿಸಿದರು. ಕಡಿಮೆಯೇ ಆಯಿತು ಎನಿಸಿತು. ಆಪಾರನ್ನು ಮತ್ತೆ ಲ್ಯಾಬಿಗೆ, ಸಹಾಯಕರಾಗಿ, ಒಂದೆರಡು ವರ್ಷಕ್ಕೆ ಕರೆಯೋಣ ಎಂದು ಸಂಸ್ಥೆಯವರು ಕೇಳಿದರು. ಆ ಮಾತು ತೆಗೆದುಕೊಂಡು ವಾಡಿಗೆ ಹೋದವಳು ನಾನೇ. ಆಪಾ ಅಂಗಳದಲ್ಲಿ ಕೌದಿ ಹರಡಿ ಕೂತಿದ್ದರು.

“ಬ್ಯಾಡ್ರಿ,” ಎಂದರು, ಸೂಜಿಯಿಂದ ಕಣ್ಣೆತ್ತದೆ. “ಆಗ ಕರೆದಿದ್ರ ಓಡಿ ಬರ್ತಿದ್ದೆ.”

ಅವರು ನನ್ನನ್ನು ಮಾಫ್ ಮಾಡಿದ್ದೇನೆ ಎಂದು ಹೇಳಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕೂತು ಮಾಡುವ ಕೆಲಸದ ಎಂಟು ವರ್ಷಗಳನ್ನು ನಾನು ಅವರಿಂದ ತೆಗೆದುಕೊಂಡೆ. ಯಾವ ಮೈಕಿನಿಂದಲೂ ಅವನ್ನು ಹಿಂದಿರುಗಿಸಲಾಗುವುದಿಲ್ಲ.

ಈಗ ಸೇಡಂನಲ್ಲಿ ಹೊಸ ಮಷೀನುಗಳು ಬಂದಿವೆ. ಮತ್ತೆ ಒಂದು ವೆಬ್ ಸರ್ವರ್, ಅದರ ಹಿಂದೆ ಈ ಸಲ ಮೂರು ಜಾವಾ ಸರ್ವರ್. ಕೂರಿಸುವವರು ಬೇರೆಯವರು, ನಾನು ಪಕ್ಕದಲ್ಲಿ ಕೂತು ನೋಡುವವಳು. ಮೊನ್ನೆ ಅಲ್ಲಿನ ಅಟೆಂಡರ್ ಮಲ್ಲಮ್ಮ ನೀರು ತಂದವರು ಪರದೆ ನೋಡಿ, “ಇದೇನ್ರಿ, ಇಲ್ಲಿ ಎರಡು ಚುಕ್ಕಿ ಅವ, ಅಲ್ಲಿ ಒಂದೇ ಅದ?” ಎಂದರು. ಎರಡು ಇರಬೇಕಾದದ್ದೇ, ಅದು ತಪ್ಪಲ್ಲ. ಆದರೂ ನಾನು ಎದ್ದು ನನ್ನ ಕುರ್ಚಿ ಅವರ ಕಡೆ ಸರಿಸಿದೆ. “ಕುಂದರ್ರಿ ಮಲ್ಲಮ್ಮ. ಇನ್ನೂ ಏನೇನು ಕಾಣಸ್ತದ, ಹೇಳ್ರಿ.”